ಸೇನಾ ಕಾಲೇಜಿನ ಪದವಿ ಯಾವುದಕ್ಕೆ ಸಾಕ್ಷಿ?

ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ ಮೂರೂ ಸೇನೆಗಳ ಆಯ್ದ ಅಧಿಕಾರಿಗಳಿಗಾಗಿ ಡಿಫೆನ್ಸ್ ಸರ್ವಿಸಸ್ ಸ್ಟಾಫ್ ಕಾಲೇಜು ಇರುವುದನ್ನು ತಾವು ಕೇಳಿರಬಹುದು. ದೇಶ ವಿಭಜನೆಯಾದಾಗ ಕ್ವೆಟ್ಟಾದಲ್ಲಿದ್ದ ಹಳೆಯ ಸ್ಟಾಫ್ ಕಾಲೇಜು ಪಾಕಿಸ್ತಾನದ ಪಾಲಾದುದರಿಂದ 1948ರಲ್ಲಿ ವೆಲ್ಲಿಂಗ್ಟನ್‌ನ ಪಾಠಗಳು ಆರಂಭವಾದವು. ಆ ಕ್ವೆಟ್ಟಾ ಕಾಲೇಜಿಗೆ 1933ರಲ್ಲಿ ಪ್ರವೇಶ ಪಡೆದ ಮೊದಲ ಭಾರತೀಯ ಅಧಿಕಾರಿ ನಮ್ಮ ಕೊಡಗಿನ ಕಾರ್ಯಪ್ಪನವರು. ಅಂದು ಅಲ್ಲಿಂದ ತೇರ್ಗಡೆಯಾಗಿ ಬಂದವರ ಹೆಸರಿನ ಜೊತೆಗೆ ಪಿ.ಎಸ್.ಸಿ. ಎಂಬ ಮೂರಕ್ಷರ ಸೇರುತ್ತಿತ್ತು, ಅಷ್ಟೆ. ಇಂದು ವೆಲ್ಲಿಂಗ್ಟನ್‌ನಲ್ಲಿ ಸುಮಾರು ಹತ್ತು ತಿಂಗಳ ವ್ಯಾಸಂಗ ಮುಗಿಸುವವರಿಗೆ ಮದ್ರಾಸು ವಿಶ್ವವಿದ್ಯಾಲಯದ ಎಂ.ಎಸ್ಸಿ. ಪದವಿ ದೊರೆಯುತ್ತದೆ. ಅಮೆರಿಕದಲ್ಲಂತೂ ಫೋರ್ಟ್ ಲೆವೆನ್‌ವರ್ತ್‌ನ ಸೇನಾ ಕಾಲೇಜು ತಾನೇ ಸ್ನಾತಕೋತ್ತರ ಪದವಿ ನೀಡುವ ಅಧಿಕಾರವನ್ನು 1974ರಲ್ಲಿ ಶಾಸನದ ಮೂಲಕ ಪಡೆದುಕೊಂಡಿತು.

ಯುದ್ಧವಿದ್ಯೆ ಕಲಿಸುವ ಶಾಲೆಗಳು ಹೀಗೆ ಪದವಿ ಕೊಡುವುದು ಯುಕ್ತವೇ? ಇದು ಸೇನೆಯ ಆಡಳಿತದ ವಿಷಯ, ನಮಗೇಕೆ ಎಂದು ಪುಟ ಮಗುಚಬೇಡಿ. ನಮ್ಮೆಲ್ಲರ ಹೆಸರಿನಲ್ಲಿ ಶಸ್ತ್ರ ಹಿಡಿಯುವವರು ಹೇಗೆ ಯೋಚಿಸಲು ಕಲಿಯುತ್ತಾರೆ ಎಂಬುದು ನಮಗೂ ಸೇರಿದ ಪ್ರಶ್ನೆ.

ಮೊದಲಿಗೆ, ಪದವಿ ಎಂದರೇನು? ಮಧ್ಯಯುಗದ ಪ್ಯಾರಿಸ್ಸಿನಲ್ಲಿ ಅದು ಬೋಧಿಸಲು ಕೊಡುವ ಅನುಮತಿಯಾಗಿತ್ತು. ಕೊಡುತ್ತಿದ್ದವರು ನೋತ್ರ್ ದಾಮ್ ಪ್ರಧಾನಾಲಯದ ಚಾನ್ಸೆಲರ್. ಅವರು ತಮಗೆ ಬೇಕಾದವರಿಗೆ ಕೊಡುತ್ತಾರೆ, ಬೇಡವಾದವರಿಗೆ ತಡೆಯುತ್ತಾರೆ ಎಂದು ಬೋಧಕರು ದೂರಿದರು. 1231ರಲ್ಲಿ ಜಗದ್ಗುರು ಒಂಬತ್ತನೆಯ ಗ್ರೆಗರಿಯವರು ಹೊರಡಿಸಿದ ಶಾಸನವು, ಅರ್ಹರಿಗೆ ಮಾತ್ರ ಅನುಮತಿ ಕೊಡುವೆನೆಂದು ಚಾನ್ಸೆಲರ್ ಪ್ರಮಾಣ ಮಾಡಬೇಕೆಂದೂ ಅಭ್ಯರ್ಥಿಯ ಕುರಿತು ಬೋಧಕರನ್ನು ವಿಚಾರಿಸಬೇಕೆಂದೂ ವಿಧಿಸಿತು. ಗಮನಿಸಿ: ಅಧಿಕಾರ ಉಳ್ಳವರ ಮೆಚ್ಚುಗೆಯೊಂದೇ ಸಾಲದಾಯಿತು, ವಿದ್ಯೆ ಬಲ್ಲವರ ಸಾಕ್ಷಿ ಬೇಕಾಯಿತು. ಸೇನಾ ಕಾಲೇಜಿನ ಪ್ರಶ್ನೆಯನ್ನು ತೂಗಲು ನನಗೆ ಇದಕ್ಕಿಂತ ನೇರವಾದ ತಕ್ಕಡಿ ಕಾಣದು.

ಪದವಿ ಬೇಡವೆನ್ನುವವರ ವಾದವೂ ಹಗುರವಲ್ಲ. 1810ರ ಅಕ್ಟೋಬರಿನಲ್ಲಿ ಬರ್ಲಿನ್ ನಗರದಲ್ಲಿ ಎರಡು ವಿದ್ಯಾಸಂಸ್ಥೆಗಳು ಬಾಗಿಲು ತೆರೆದವು. ಒಂದು ವಿಶ್ವವಿದ್ಯಾಲಯ, ಇನ್ನೊಂದು, ನೆಪೋಲಿಯನ್ನನಿಂದ ಸೋತ ಪ್ರಶ್ಯದ ಸೇನೆಗೆ ಯೋಚನಾಶಕ್ತಿ ತುಂಬಲು ಶಾರ್ನ್‌ಹೋರ್ಸ್ಟ್ ಕಟ್ಟಿದ ಯುದ್ಧಶಾಲೆ. ಈ ಎರಡನೆಯದು ವಿಶ್ವವಿದ್ಯಾಲಯದ ಪದವಿ ನೀಡಲಿಲ್ಲ. ಆದರೂ 1818ರಿಂದ ಹನ್ನೆರಡು ವರ್ಷ ಅದರ ನಿರ್ದೇಶಕರಾಗಿದ್ದ ಕ್ಲಾಸ್‌ವಿಟ್ಸ್ ಯುದ್ಧದ ಸ್ವರೂಪವನ್ನು ಕುರಿತು ಬರೆದಿಟ್ಟದ್ದನ್ನು, ಅವರ ಮರಣಾನಂತರ ಪತ್ನಿ ಮರೀ 1832ರಿಂದ ಪ್ರಕಟಿಸಿದರು. ಜಗತ್ತು ಇಂದಿಗೂ ಅದನ್ನು ಓದುತ್ತಿದೆ. ಆಳವಾಗಿ ಚಿಂತಿಸಲು ಪದವಿಯ ಹಂಗು ಬೇಕಿಲ್ಲ ಎಂಬುದು ಇಲ್ಲಿ ಸ್ಪಷ್ಟ. ಮೇಲಾಗಿ, ಪದವಿಯು ಬಡ್ತಿಯ ಮೆಟ್ಟಿಲಾದ ಕ್ಷಣದಿಂದ ಓದು ಸೊರಗುತ್ತದೆ. ಇದು ಸೇನೆಗೆ ಮಾತ್ರ ಅಂಟಿದ ರೋಗವಲ್ಲ. ನಮ್ಮ ಶಿಕ್ಷಕ ವೃತ್ತಿಯೂ ಇದನ್ನು ಬಲ್ಲದು.

ನಿವೃತ್ತಿಯ ಬಳಿಕ ಉದ್ಯೋಗಕ್ಕೆ ನೆರವಾಗುತ್ತದೆ ಎಂಬ ಸಮರ್ಥನೆ ಮಾನವೀಯವಾದುದು, ಆದರೆ ಪದವಿಗೆ ಅದು ಆಧಾರವಾಗಲಾರದು. ಹದಿನೈದು ವರ್ಷ ಸೇವೆ ಸಲ್ಲಿಸಿದ ಮೆಟ್ರಿಕ್ ಓದಿದ ಯೋಧನು, ಪದವೀಧರರಿಗೆ ಮೀಸಲಾದ ಕೆಲವು ಕೆಳದರ್ಜೆಯ ಸರ್ಕಾರಿ ಹುದ್ದೆಗಳಿಗೆ ಅರ್ಹನೆಂದು ನಮ್ಮ ನಿಯಮಗಳು ಒಪ್ಪುತ್ತವೆ. ಅದು ಪ್ರಾಮಾಣಿಕ ವ್ಯವಸ್ಥೆ. ಅವನ ಸೇವೆಯನ್ನು ಗೌರವಿಸುತ್ತದೆ. ಓದದೇ ಇದ್ದುದನ್ನು ಓದಿದನೆಂದು ಹೇಳುವುದಿಲ್ಲ.

ಇವೆಲ್ಲಕ್ಕಿಂತ ಭಾರವಾದದ್ದು ವಿಧೇಯತೆಯ ಪ್ರಶ್ನೆ. ಸೇನೆ ನಿಲ್ಲುವುದೇ ಆಜ್ಞೆಯ ಮೇಲೆ. ವಿಶ್ವವಿದ್ಯಾಲಯವಾದರೋ ಗುರುವನ್ನೇ ಪುರಾವೆ ಕೇಳುವ ತಾಣ. ಇವೆರಡೂ ಒಂದೇ ಸೂರಿನಡಿ ಬಾಳಬಲ್ಲವೇ? 1938ರಲ್ಲಿ ಜರ್ಮನ್ ಭೂಸೇನೆಯ ಮಹಾದಂಡನಾಯಕ ಮಂಡಳಿಯ ಮುಖ್ಯಸ್ಥ ಲುಡ್ವಿಗ್ ಬೆಕ್, ಚೆಕೊಸ್ಲೊವಾಕಿಯದ ಮೇಲೆ ಹಿಟ್ಲರ್ ಯೋಜಿಸಿದ ದಾಳಿಯನ್ನು ವಿರೋಧಿಸಿದರು. ಸೇನಾನಿಯ ಜ್ಞಾನ, ಆತ್ಮಸಾಕ್ಷಿ, ಹೊಣೆಗಾರಿಕೆಗಳು ಅಡ್ಡಬರುವಲ್ಲಿ ಅವನ ವಿಧೇಯತೆಗೆ ಎಲ್ಲೆಯಿದೆ ಎಂದು ಬರೆದು, ಹುದ್ದೆಯನ್ನೇ ತೊರೆದರು. 1944ರ ಜುಲೈಯಲ್ಲಿ, ಹಿಟ್ಲರನನ್ನು ಕೊಲ್ಲುವ ಸಂಚು ವಿಫಲವಾದ ರಾತ್ರಿ, ಅವರ ಪ್ರಾಣ ಹೋಯಿತು. ಅದೇ ತರಬೇತಿ ಪಡೆದ ಇತರ ಸೇನಾನಿಗಳಲ್ಲಿ ಹೆಚ್ಚಿನವರು ಆಜ್ಞೆ ಪಾಲಿಸುತ್ತ ಹೋದರು. ಹಾಗೆಂದು ಪದವಿ ಇದ್ದಿದ್ದರೆ ಅವರ ಆತ್ಮಸಾಕ್ಷಿ ಎಚ್ಚರಗೊಳ್ಳುತ್ತಿತ್ತೆಂದು ಭಾವಿಸುವಂತಿಲ್ಲ. 1942ರ ಜನವರಿಯಲ್ಲಿ ವಾನ್‌ಸೀ ಸಭೆಯಲ್ಲಿ ಯೆಹೂದ್ಯರ ನಿರ್ನಾಮವನ್ನು ಚರ್ಚಿಸಲು ಕುಳಿತ ಹದಿನೈದು ಮಂದಿಯಲ್ಲಿ ಹಲವರು ಡಾಕ್ಟರೇಟ್ ಪಡೆದವರೇ ಆಗಿದ್ದರು.

ಆದುದರಿಂದ ನಾನು ಪದವಿಯಿಂದ ಸದ್ಗುಣವನ್ನು ನಿರೀಕ್ಷಿಸುವುದಿಲ್ಲ. ನಿರೀಕ್ಷಿಸುವುದು ಒಂದು ಅಭ್ಯಾಸವನ್ನು: ತನಗಿಂತ ಹಿರಿಯರು ನಂಬಿದ್ದನ್ನು ಪರೀಕ್ಷಿಸಿ, ಭಿನ್ನಾಭಿಪ್ರಾಯವನ್ನು ಕಾರಣಸಹಿತ ಬರೆದು, ಅದಕ್ಕೆ ಸಹಿ ಹಾಕುವ ಅಭ್ಯಾಸ. ರಣರಂಗದಲ್ಲಿ ಅದಕ್ಕೆ ಬಿಡುವಿಲ್ಲ; ಕಲಿತರೆ ತರಗತಿಯಲ್ಲೇ ಕಲಿಯಬೇಕು. ಆ ತರಗತಿಗೂ ಅಪಾಯವಿಲ್ಲದೆ ಇಲ್ಲ. 1960ರ ದಶಕದ ಆರಂಭದಲ್ಲಿ ವೆಲ್ಲಿಂಗ್ಟನ್ ಕಾಲೇಜಿನ ಮುಖ್ಯಸ್ಥರಾಗಿದ್ದ ಮಾಣೆಕ್‌ಷಾ ಅವರೇ ತಮ್ಮ ನಿಷ್ಠುರ ಮಾತುಗಳಿಗಾಗಿ ದೇಶನಿಷ್ಠೆಯಿಲ್ಲದವರೆಂಬ ಆರೋಪ ಹೊತ್ತು ವಿಚಾರಣೆ ಎದುರಿಸಬೇಕಾಯಿತು. ದೋಷಮುಕ್ತರಾದರು, ನಿಜ. ಆದರೆ ಮುಖ್ಯಸ್ಥರಿಗೇ ಈ ಗತಿಯಾದರೆ, ಬಡ್ತಿಯ ನಿರೀಕ್ಷೆಯಲ್ಲಿರುವ ಮೇಜರ್ ಒಬ್ಬರು ತಮ್ಮ ಪ್ರಬಂಧದಲ್ಲಿ ಎಷ್ಟು ಸತ್ಯ ಬರೆದಾರು?

ಇಲ್ಲಿಯೇ ಪ್ಯಾರಿಸ್ಸಿನ ತಕ್ಕಡಿ ನೆರವಿಗೆ ಬರುತ್ತದೆ. ಸೇನೆ ತನ್ನವರಿಗೆ ತಾನೇ ಪದವಿ ಕೊಟ್ಟುಕೊಳ್ಳುವುದಕ್ಕಿಂತ, ಹೊರಗಿನ ವಿಶ್ವವಿದ್ಯಾಲಯ ಕೊಡುವ ನಮ್ಮ ದೇಶದ ಪದ್ಧತಿಯೇ ಮೇಲು ಎಂದು ನನ್ನ ಎಣಿಕೆ. ಅಮೆರಿಕದ ಕಾಲೇಜುಗಳೂ ಹೊರಗಿನ ಮಾನ್ಯತಾ ಮಂಡಳಿಗಳ ತಪಾಸಣೆಗೆ ಒಳಪಡುತ್ತವೆ. ಆದರೂ ಗುರು, ಮೇಲಧಿಕಾರಿ, ಪರೀಕ್ಷಕ ಮೂವರೂ ಒಂದೇ ಸಮವಸ್ತ್ರದಲ್ಲಿದ್ದರೆ ಸಾಕ್ಷಿಯ ಬೆಲೆ ಇಳಿಯುತ್ತದೆ. ಆದರೆ ನಮ್ಮ ಪದ್ಧತಿಯ ಹಿರಿಮೆ ವಿಶ್ವವಿದ್ಯಾಲಯದ ಧೈರ್ಯವನ್ನು ಅವಲಂಬಿಸಿದೆ. ಕರ್ನಲ್ ಒಬ್ಬರ ಪ್ರಬಂಧವನ್ನು ‘ಪುರಾವೆ ಸಾಲದು’ ಎಂದು ಬರೆದು ಹಿಂದಿರುಗಿಸಲು ಪರೀಕ್ಷಕರಿಗೆ ಸ್ವಾತಂತ್ರ್ಯವಿದ್ದಲ್ಲಿ, ಅಂತಹ ಪದವಿಯನ್ನು ನಾನು ಮನಃಪೂರ್ವಕ ಒಪ್ಪುತ್ತೇನೆ. ಮುದ್ರೆ ಮಾತ್ರ ವಿಶ್ವವಿದ್ಯಾಲಯದ್ದಾಗಿ ತೀರ್ಪು ಸೇನೆಯದೇ ಆಗಿದ್ದಲ್ಲಿ ಒಪ್ಪಲಾರೆ.

ದೇಶದ ಭದ್ರತೆಯ ಕಾರಣದಿಂದ ಹೊರಗಿನವರಿಗೆ ತೋರಿಸಲಾಗದ ಬರಹಗಳೂ ಇರುತ್ತವೆ. ಅವು ಅತ್ಯುತ್ತಮವೇ ಆಗಿರಬಹುದು, ಯುದ್ಧದಲ್ಲಿ ನೂರಾರು ಜೀವಗಳನ್ನು ಉಳಿಸಲೂಬಹುದು. ಅವುಗಳನ್ನು ಬರೆದವರಿಗೆ ಸೇನೆ ತನ್ನ ಪದಕಗಳನ್ನೂ ಪ್ರಶಂಸೆಯನ್ನೂ ಕೊಡಲಿ, ಪಿ.ಎಸ್.ಸಿ. ಎಂಬ ಆ ಹಳೆಯ ಮೂರಕ್ಷರವನ್ನೂ ಕೊಡಲಿ. ವಿಶ್ವವಿದ್ಯಾಲಯ ತಾನು ಓದದ ಪ್ರಬಂಧಕ್ಕೆ ಸಹಿ ಹಾಕುವುದು ಬೇಡ.