ಯಾರ ಮಾತು ದಿಟ?

ಹನುಮಮಾಲೆ ವಿಸರ್ಜನೆಯ ಹಿಂದಿನ ರಾತ್ರಿ ಮರಳಿಯಿಂದ ಹೊರಟ ಗುಂಪಿನೊಡನೆ ನಾನೂ ಅಂಜನಾದ್ರಿಗೆ ನಡೆದೆ. ಪಾಠ ಹೇಳುವವನ ಕಾಲು ಎಷ್ಟು ದೂರ ಬಂದೀತು? ಗಂಗಾವತಿ ದಾಟುವಷ್ಟರಲ್ಲಿ ಅಂಗಾಲು ಬೊಬ್ಬೆಯೆದ್ದಿತು. “ಇನ್ನೊಮ್ಮೆ ಈ ಉಸಾಬರಿ ಬ್ಯಾಡ್ರೀ ಸರ” ಎಂದ, ಜೊತೆಯ ಹುಡುಗ. ನಾನೂ ಮನಸ್ಸಿನಲ್ಲೇ ಆಣೆಯಿಟ್ಟುಕೊಂಡೆ. ಬೆಳಗಿನ ಜಾವ 575 ಮೆಟ್ಟಿಲು ಹತ್ತಿ, ಕೆಳಗೆ ತುಂಗಭದ್ರೆಯನ್ನು ಕಂಡದ್ದೇ ತಡ, ಅದೇ ಹುಡುಗ “ಬರೋ ವರ್ಷನೂ ಬರೂಣ್ರೀ” ಎನ್ನಬೇಕೆ! ನಾನೂ ಹೂಂಗುಟ್ಟಿದೆ.

ಇವೆರಡರಲ್ಲಿ ಯಾವುದು ದಿಟ? ನೋವು ಮರೆತವನ ಮಾತನ್ನು ಲೋಕ ಮೆಚ್ಚುತ್ತದೆ. ನೋಯುತ್ತಿರುವವನ ಮಾತನ್ನು ದೌರ್ಬಲ್ಯವೆಂದು ತಳ್ಳಿಬಿಡುತ್ತದೆ. ನೋವನ್ನು ಬಲ್ಲವನು ಇಬ್ಬರಲ್ಲಿ ಯಾರು? 1983ರಲ್ಲಿ ಆಸ್ಟ್ರೇಲಿಯದ ಕ್ಲಿಫ್ ಯಂಗ್ ಎಂಬ 61 ವರ್ಷದ ಆಲೂಗಡ್ಡೆ ಬೆಳೆಗಾರ, ಉಳಿದವರು ನಿದ್ರಿಸುವಾಗಲೂ ಓಡಿ, ಸಿಡ್ನಿಯಿಂದ ಮೆಲ್ಬರ್ನಿನವರೆಗಿನ 875 ಕಿಲೋಮೀಟರಿನ ಪಂದ್ಯ ಗೆದ್ದ. ಬಹುಮಾನದ ಹಣವನ್ನು ಜೊತೆಯ ಓಟಗಾರರಿಗೆ ಹಂಚಿದ. ಗೆದ್ದ ಮೇಲೂ ಅವನಿಗೆ ದಾರಿಯ ನೆನಪಿತ್ತೆಂದು ನನ್ನ ಊಹೆ.

ನಮ್ಮ ನಡಿಗೆಯಾದರೋ ನಾವೇ ಆರಿಸಿಕೊಂಡದ್ದು. ಭತ್ತದ ಗದ್ದೆಗೆ ಕೂಲಿಗೆ ಹೋಗುವವಳು ಸಂಜೆ “ಸಾಕಪ್ಪಾ” ಎಂದು ಬೆಳಿಗ್ಗೆ ಮತ್ತೆ ಹೊರಟರೆ, ಅದನ್ನು ಯಾರೂ ಛಲವೆನ್ನುವುದಿಲ್ಲ, ರೂಢಿ ಎನ್ನುತ್ತಾರೆ.

ಅಂದು ಸಂಜೆ ಕಾಲು ಚಾಚಿ ಕುಳಿತಿದ್ದ ನನಗೆ, ಗದ್ದೆಯಿಂದ ಬಂದ ಪಕ್ಕದ ಮನೆಯ ಅಕ್ಕ ಎಣ್ಣೆ ಬಿಸಿಮಾಡಿ ತಂದುಕೊಟ್ಟಳು. ಅವಳ ನಡು ಹೇಗಿದೆಯೆಂದು ಕೇಳಬೇಕೆನಿಸಿದ್ದು ಅವಳು ಹೊರಟುಹೋದ ಮೇಲೆ.