ಯಾತ್ರೆಯ ಕೊನೆಯ ನಾಡು

ದೆರ್ಬೆಯಲ್ಲಿ ನಿಂತಿದ್ದ ಪೌಲ, ಬಾರ್ನಬರ ಮುಂದೆ ಎರಡು ದಾರಿಗಳಿದ್ದವು. ದೆರ್ಬೆ ಇಂದಿನ ಟರ್ಕಿಯ ದಕ್ಷಿಣ ಭಾಗದ ಒಂದು ಊರು. ಅಲ್ಲಿಂದ ಪೂರ್ವಕ್ಕೆ ಹೊರಟು ಟಾರಸ್ ಪರ್ವತದ ಕಣಿವೆ ಇಳಿದರೆ ಪೌಲ ಹುಟ್ಟಿದ ತಾರ್ಸ ಪಟ್ಟಣ. ತಾರ್ಸದ ಆಚೆಗೆ, ಅವರ ತಲೆಯ ಮೇಲೆ ಕೈಯಿಟ್ಟು ಕಳುಹಿಸಿಕೊಟ್ಟ ಸಭೆಯಿದ್ದ ಸಿರಿಯದ ಅಂತಿಯೋಕ್ಯ. ಮನೆಗೆ ಹೋಗಲು ಅದಕ್ಕಿಂತ ನೇರವಾದ ದಾರಿಯಿಲ್ಲ. ಇನ್ನೊಂದು ದಾರಿ ಬಂದದ್ದೇ: ಲುಸ್ತ್ರ, ಇಕೋನ್ಯ, ಪಿಸಿದ್ಯದ ಅಂತಿಯೋಕ್ಯ. ಪಿಸಿದ್ಯದ ಊರಿನಿಂದ ಅವರನ್ನು ಹೊರಗಟ್ಟಿದ್ದರು. ಇಕೋನ್ಯದಲ್ಲಿ ಕಲ್ಲೆಸೆದು ಕೊಲ್ಲುವ ಸಂಚು ನಡೆದಿತ್ತು. ಲುಸ್ತ್ರದಲ್ಲಿ ಪೌಲನಿಗೆ ಕಲ್ಲೆಸೆದೇ ಬಿಟ್ಟಿದ್ದರು. ಸತ್ತನೆಂದುಕೊಂಡು ಊರಾಚೆಗೆ ಎಳೆದು ಹಾಕಿದ್ದರು. ಮೈಮೇಲಿನ ಗಾಯಗಳು ಇನ್ನೂ ಹಸಿಯಾಗಿದ್ದಿರಬೇಕು. ಆದರೂ ಇಬ್ಬರೂ ಬಂದ ದಾರಿಯನ್ನೇ ಹಿಡಿದರು.

ಅಪೊಸ್ತಲರ ಕೃತ್ಯಗಳ 14ನೇ ಅಧ್ಯಾಯ ಈ ಸಂಗತಿಯನ್ನು ಚುಟುಕಾಗಿ ಹೇಳಿ ಮುಂದೆ ಸಾಗುತ್ತದೆ. ಆದರೆ ಓದಿದಾಗಲೆಲ್ಲ ನನ್ನ ಮನಸ್ಸು ಅಲ್ಲೇ ನಿಲ್ಲುತ್ತದೆ. ಹೋಗುವಾಗಿನ ಧೈರ್ಯ ನನಗೆ ಅರ್ಥವಾಗುತ್ತದೆ. ಮುಂದೇನಿದೆಯೋ ತಿಳಿಯದವನಿಗೂ ಆ ಧೈರ್ಯ ಬರಬಹುದು. ಏನಾಗುವುದೆಂದು ಚೆನ್ನಾಗಿ ತಿಳಿದೂ ಅದೇ ಊರಿನ ಬಾಗಿಲಿಗೆ ಮತ್ತೆ ಹೋಗುವುದು ಬೇರೆಯ ಮಾತು. ಕಲ್ಲೆಸೆದ ಊರಿನಲ್ಲೂ ಅವರನ್ನು ಸುತ್ತುವರಿದು ನಿಂತ ಕೆಲವರಿದ್ದರು. ಹೊಸದಾಗಿ ನಂಬಿದ ಆ ಜನರಿಗೆ ಒಂದು ಮಾತು ಹೇಳದೆ ಮನೆಗೆ ಹೋಗಲು ಇವರ ಮನಸ್ಸು ಒಪ್ಪಲಿಲ್ಲ. ಊರೂರಿನಲ್ಲೂ ನಿಂತು ಧೈರ್ಯ ತುಂಬಿದರು. ಉಪವಾಸವಿದ್ದು ಪ್ರಾರ್ಥಿಸಿ ಸಭೆಗೆ ಹಿರಿಯರನ್ನು ನೇಮಿಸಿದರು. ಅವರನ್ನು ದೇವರ ಕೈಗೆ ಒಪ್ಪಿಸಿ ಮುಂದೆ ನಡೆದರು. ತಾವಿಲ್ಲದೆಯೂ ಆ ಸಭೆಗಳು ಬದುಕಬೇಕೆಂಬ ಏರ್ಪಾಡು ಅದು. ಮನೆಗೆ ಮರಳುವುದು ಮನೆಯ ಹೊಸ್ತಿಲಲ್ಲಿ ಶುರುವಾಗುವುದಿಲ್ಲ. ಬಿಟ್ಟು ಬರುವ ಊರಿನವರನ್ನು ನಂಬಿ, ಇನ್ನು ನೀವೇ ನೋಡಿಕೊಳ್ಳಿ ಎಂದು ಹೊಣೆ ಒಪ್ಪಿಸುವ ಗಳಿಗೆಯಲ್ಲೇ ಅದು ಶುರುವಾಗುತ್ತದೆ.

ಆ ನಂಬಿಕೆ ಹುಸಿಯಾಗಲಿಲ್ಲ. ಮುಂದಿನ ಯಾತ್ರೆಯಲ್ಲಿ ಪೌಲ ಮತ್ತೆ ಆ ಕಡೆ ಹೋದಾಗ ಲುಸ್ತ್ರದಲ್ಲಿ ಅವನಿಗೆ ತಿಮೊಥೆಯನೆಂಬ ಯುವಕ ಸಿಕ್ಕಿದ. ಕಲ್ಲುಗಳು ಬಿದ್ದ ಊರು ಅವನಿಗೆ ಒಬ್ಬ ಮಗನನ್ನೇ ಕೊಟ್ಟಿತು.

ಮೊದಲ ಯಾತ್ರೆಯ ಕೊನೆಗೆ ಅತಾಲ್ಯದ ಬಂದರಿನಲ್ಲಿ ಹಡಗು ಹತ್ತಿ ಇಬ್ಬರೂ ಸಿರಿಯದ ಅಂತಿಯೋಕ್ಯಕ್ಕೆ ಬಂದರು. ಸಭೆಯನ್ನು ಕೂಡಿಸಿದರು. ಹೇಳಲು ಅವರ ಬಳಿ ಎಷ್ಟಿರಲಿಲ್ಲ! ಸೈಪ್ರಸ್ ದ್ವೀಪವನ್ನು ದಾಟಿ ರೋಮನ್ ಅಧಿಪತಿಯ ಮುಂದೆ ನಿಂತದ್ದು, ಪಂಫುಲ್ಯದ ಕರಾವಳಿಯಿಂದ ಬೆಟ್ಟ ಹತ್ತಿದ್ದು, ಹುಟ್ಟಿನಿಂದ ನಡೆಯದ ಮನುಷ್ಯ ಲುಸ್ತ್ರದಲ್ಲಿ ಎದ್ದು ನಡೆದದ್ದು. ಆದರೆ ಅವರ ವರದಿ ಬೇರೆಯೇ ಆಗಿತ್ತು. ದೇವರು ತಮ್ಮ ಸಂಗಡ ಇದ್ದುಕೊಂಡು ಏನೇನು ಮಾಡಿದನೆಂದು ಅವರು ತಿಳಿಸಿದರು. ಅನ್ಯಜನರಿಗೆ ನಂಬಿಕೆಯ ಬಾಗಿಲನ್ನು ಅವನೇ ತೆರೆದನೆಂದರು.

ಇದರ ಬೆಲೆ ತಿಳಿಯಬೇಕಾದರೆ ಲುಸ್ತ್ರವನ್ನು ನೆನೆಯಬೇಕು. ಅಲ್ಲಿ ಕಲ್ಲೆಸೆಯುವ ಮೊದಲು ಜನ ಇವರನ್ನು ದೇವರೆಂದೇ ತಿಳಿದಿದ್ದರು. ಬಾರ್ನಬನನ್ನು ಜ್ಯೂಸ್ ಎಂದರು, ಪೌಲನನ್ನು ಹರ್ಮಿಸ್ ಎಂದರು. ಪೂಜಾರಿ ಹೋರಿಗಳನ್ನೂ ಹೂವಿನ ಹಾರಗಳನ್ನೂ ತಂದು ನಿಂತಿದ್ದ. ಇಬ್ಬರೂ ಬಟ್ಟೆ ಹರಿದುಕೊಂಡು, ನಾವೂ ನಿಮ್ಮಂಥ ಮನುಷ್ಯರೇ ಎಂದು ಜನರ ನಡುವೆ ನುಗ್ಗಿ ಕೂಗಿದರು. ಪರನಾಡಿನಲ್ಲಿ ಹಾರ ಬೇಡವೆನ್ನುವುದು ಕಷ್ಟ. ಪ್ರೀತಿಸುವ ಜನರ ನಡುವೆ, ದಣಿದು ಬಂದ ಹೊತ್ತಿನಲ್ಲಿ, ತನ್ನ ಸಭೆಯೇ ಹಾರ ಹಿಡಿದು ಎದುರುಗೊಳ್ಳಲು ಸಿದ್ಧವಿರುವಾಗ ಬೇಡವೆನ್ನುವುದು ಇನ್ನೂ ಕಷ್ಟ. ಅಲ್ಲಿ ದೇವರಾಗಲು ಒಪ್ಪದವರು ಇಲ್ಲಿ ವೀರರಾಗಲೂ ಒಪ್ಪಲಿಲ್ಲ.

ಬಹಳ ದೇಶಗಳನ್ನು ಸುತ್ತಿ ಬಂದವರ ಕಣ್ಣಿನಲ್ಲಿ ಎರಡು ಬಗೆಯ ವಿಸ್ಮಯ ಇರಬಲ್ಲದು. ಒಂದು, ಕಾಣದ್ದನ್ನು ಕಂಡ ವಿಸ್ಮಯ: ಬೇರೆ ಮರ, ಬೇರೆ ಊಟ, ಬೇರೆ ಮಾತು, ಬೇರೆ ಹಾಡು. ಅದೂ ದೇವರ ಕೊಡುಗೆಯೇ. ಆದರೆ ದಿನ ಕಳೆದಂತೆ ಮಸುಕಾಗುತ್ತದೆ. ಇನ್ನೊಂದು ವಿಸ್ಮಯ ನಿಧಾನವಾಗಿ ಬೆಳೆಯುತ್ತದೆ. ನಾನು ಹೊತ್ತುಕೊಂಡು ಹೋದೆನೆಂದು ತಿಳಿದಿದ್ದ ದೇವರು ನನಗಿಂತ ಮೊದಲೇ ಅಲ್ಲಿಗೆ ಬಂದಿದ್ದ ಎಂಬ ಅರಿವು ಅದು. ಅಪೊಸ್ತಲ ಪೇತ್ರನಿಗೆ ಆದದ್ದು ಇದೇ. ಯೊಪ್ಪದ ಮಾಳಿಗೆಯ ಮೇಲೆ ದರ್ಶನ ಕಂಡು ಅವನು ಕೈಸರೈಯಕ್ಕೆ ಹೊರಟ. ಅಲ್ಲಿ ಕೊರ್ನೇಲ್ಯನೆಂಬ ರೋಮನ್ ಶತಾಧಿಪತಿ ತನ್ನ ಬಂಧುಮಿತ್ರರನ್ನೆಲ್ಲ ಕೂಡಿಸಿಕೊಂಡು ಕಾದಿದ್ದ. ಅವನ ಪ್ರಾರ್ಥನೆ ಆಗಲೇ ದೇವರನ್ನು ಮುಟ್ಟಿತ್ತು. ಪೇತ್ರ ಇನ್ನೂ ಮಾತಾಡುತ್ತಿದ್ದಂತೆಯೇ ಪವಿತ್ರಾತ್ಮ ಆ ಮನೆಯವರ ಮೇಲೆ ಇಳಿದ. ಉಪದೇಶ ಮುಗಿಯುವವರೆಗೂ ದೇವರು ಕಾಯಲಿಲ್ಲ.

ಆಮೇಲೆ ಪೇತ್ರ ಯೆರೂಸಲೇಮಿಗೆ ಮರಳಿದ. ಅಲ್ಲಿ ಅವನಿಗೆ ಸ್ವಾಗತವಿರಲಿಲ್ಲ. ಸುನ್ನತಿಯಿಲ್ಲದವರ ಮನೆಗೆ ಹೋದೆ, ಅವರ ಜೊತೆ ಊಟ ಮಾಡಿದೆ ಎಂದು ಮನೆಯವರೇ ತರಾಟೆಗೆ ತೆಗೆದುಕೊಂಡರು. ಅವನು ವಾದ ಮಾಡಲಿಲ್ಲ. ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ. ದೇವರನ್ನು ತಡೆಯಲು ನಾನು ಯಾರು ಎಂದು ಮುಗಿಸಿದ. ಕೇಳಿದವರು ಸುಮ್ಮನಾದರು, ಬಳಿಕ ದೇವರನ್ನು ಕೊಂಡಾಡಿದರು. ಮರಳಿ ಬಂದವನೊಬ್ಬ ಮನೆಯ ಮನಸ್ಸನ್ನು ಇದಕ್ಕಿಂತ ಚೆನ್ನಾಗಿ ತೆರೆದ ಉದಾಹರಣೆ ನನಗೆ ಗೊತ್ತಿಲ್ಲ.

ಆದರೂ ಪ್ರಶ್ನೆ ತೀರಲಿಲ್ಲ. ಪೌಲ, ಬಾರ್ನಬರು ಅಂತಿಯೋಕ್ಯಕ್ಕೆ ಮರಳಿದ ಮೇಲೆ ಯೂದಾಯದಿಂದ ಕೆಲವರು ಬಂದು, ಸುನ್ನತಿಯಿಲ್ಲದೆ ಯಾರಿಗೂ ರಕ್ಷಣೆಯಿಲ್ಲ ಎಂದು ಬೋಧಿಸಿದರು. ಭಾರಿ ವಾಗ್ವಾದವೇ ನಡೆಯಿತು. ದೂರದ ಆ ಊರುಗಳಲ್ಲಿ ದೇವರು ತೆರೆದ ಬಾಗಿಲು ಹತ್ತಿರದ ಮನೆಯಲ್ಲಿ ಇನ್ನೂ ಮುಚ್ಚಿಕೊಂಡೇ ಇತ್ತು. ಕ್ರಿ.ಶ. 49ರ ಸುಮಾರಿಗೆ ಯೆರೂಸಲೇಮಿನಲ್ಲಿ ಅಪೊಸ್ತಲರೂ ಹಿರಿಯರೂ ಕೂಡಿದರು. ಪೇತ್ರ ತಾನು ಕಂಡದ್ದನ್ನು ಹೇಳಿದ. ಬಾರ್ನಬ, ಪೌಲರು ತಾವು ಕಂಡದ್ದನ್ನು ಹೇಳಿದರು. ಇಡೀ ಸಭೆ ಮೌನವಾಗಿ ಕೇಳಿತು. ಅನ್ಯಜನರ ಹೆಗಲ ಮೇಲೆ ಆ ಹೊರೆ ಹೇರಬಾರದೆಂದು ಅಲ್ಲಿ ತೀರ್ಮಾನವಾಯಿತು. ಲುಸ್ತ್ರದಲ್ಲಿ, ದೆರ್ಬೆಯಲ್ಲಿ ಇದ್ದ ಹೆಸರಿಲ್ಲದ ಜನರ ನಂಬಿಕೆ ಯೆರೂಸಲೇಮನ್ನು ಬದಲಿಸಿತು. ಸುವಾರ್ತೆ ಮನೆಯಿಂದ ಹೊರನಾಡಿಗೆ ಹೋಯಿತು ಎಂದಷ್ಟೇ ನಾವು ಎಣಿಸುತ್ತೇವೆ. ಅದು ಹೊರನಾಡಿನಿಂದ ಮನೆಗೂ ಬಂತು. ಹೋದವರು ಮರಳಿದ್ದರಿಂದಲೇ ಬಂತು. ಯಾತ್ರೆಯ ಕೊನೆಯ ನಾಡು ಮನೆಯೇ ಎಂದು ನಾನು ಹೇಳುವುದು ಇದಕ್ಕಾಗಿ.

ನಮ್ಮ ಕಾಲಕ್ಕೆ ಹತ್ತಿರದಲ್ಲಿ ಈ ಮಾತಿಗೆ ಲೆಸ್ಲಿ ನ್ಯೂಬಿಗಿನ್ ಅವರ ಬದುಕಿಗಿಂತ ಸ್ಪಷ್ಟವಾದ ಸಾಕ್ಷಿ ನನಗೆ ಕಾಣುವುದಿಲ್ಲ. 1909ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಹುಟ್ಟಿದ ಅವರು 1936ರಲ್ಲಿ ಭಾರತಕ್ಕೆ ಬಂದರು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಅದರ ಮೊದಲ ಬಿಷಪ್‌ಗಳಲ್ಲಿ ಒಬ್ಬರಾದರು. ಸಿ.ಎಸ್.ಐ. ಎಂದು ನಾವು ಕರೆಯುವ, ಕರ್ನಾಟಕದ ಎಷ್ಟೋ ಸಭೆಗಳೂ ಸೇರಿರುವ ಅದೇ ಸಭೆ. ಮದರಾಸಿನ ಬಿಷಪ್ ಆಗಿದ್ದು 1974ರಲ್ಲಿ ನಿವೃತ್ತರಾದ ಮೇಲೆ, ಹೆಂಡತಿ ಹೆಲೆನ್ ಜೊತೆ ನೆಲದ ದಾರಿಯಲ್ಲೇ ಇಂಗ್ಲೆಂಡಿಗೆ ಹೊರಟರು. ಎರಡು ಸೂಟ್‌ಕೇಸು, ಒಂದು ಬೆನ್ನುಚೀಲ. ಸಿಕ್ಕ ಬಸ್ಸುಗಳ ಪ್ರಯಾಣ. ಬದುಕಿನ ಬಹುಭಾಗವನ್ನು ಕಳೆದ ನಾಡಿನಿಂದ ಹುಟ್ಟಿದ ನಾಡಿಗೆ, ದೇಶದಿಂದ ದೇಶಕ್ಕೆ, ನೆಲ ಮುಟ್ಟುತ್ತಲೇ ಹೋದರು.

ದಾರಿಯಲ್ಲಿ ಟರ್ಕಿಯ ಕಪದೋಕ್ಯ ಸಿಕ್ಕಿತು. ನಾಲ್ಕನೆಯ ಶತಮಾನದಲ್ಲಿ ಬೇಸಿಲ್, ಅವನ ತಮ್ಮ ನಿಸ್ಸದ ಗ್ರೆಗರಿ, ಗೆಳೆಯ ನಾಜಿಯಾಂಜಸ್‌ನ ಗ್ರೆಗರಿ ಬಾಳಿದ ನಾಡು ಅದು. ತ್ರಿಯೇಕ ದೇವರ ಕುರಿತ ಸಭೆಯ ಬೋಧನೆಗೆ ರೂಪ ಕೊಟ್ಟವರು ಅವರು. ಬಂಡೆಗಳನ್ನು ಕೊರೆದು ಮಾಡಿದ ದೇವಾಲಯಗಳು ಇಂದಿಗೂ ಅಲ್ಲಿವೆ. ಗೋಡೆಗಳ ಮೇಲೆ ಚಿತ್ರಗಳಿವೆ. ಆದರೆ 1923ರಲ್ಲಿ ಗ್ರೀಸ್ ಮತ್ತು ಟರ್ಕಿಯ ನಡುವೆ ಜನರ ವಿನಿಮಯವಾದಾಗ ಉಳಿದಿದ್ದ ಗ್ರೀಕ್ ಕ್ರೈಸ್ತರೂ ಊರು ಬಿಟ್ಟಿದ್ದರು. ಅಲ್ಲಿ ಭಾನುವಾರದ ಆರಾಧನೆಗೆ ನ್ಯೂಬಿಗಿನ್ ದಂಪತಿಗೆ ಜೊತೆಯಾಗಲು ಒಬ್ಬ ವಿಶ್ವಾಸಿಯೂ ಸಿಗಲಿಲ್ಲ. ಇಬ್ಬರೇ ಪ್ರಾರ್ಥಿಸಿದರು. ಅಷ್ಟು ಆಳವಾಗಿ ಬೇರೂರಿದ್ದ ಸಭೆಯೂ ಒಂದು ನಾಡಿನಿಂದ ಪೂರ್ತಿಯಾಗಿ ಇಲ್ಲವಾಗಬಲ್ಲದು. ಯಾವ ನಾಡೂ ಸುವಾರ್ತೆಯ ಶಾಶ್ವತ ತವರಲ್ಲ. ಅಲ್ಲಿಂದ ಕಳುಹಿಸಬಹುದು, ಅಲ್ಲಿಗೆ ಮತ್ತೆ ಬರಬೇಕಾಗಲೂಬಹುದು.

ಅವರು ತಲುಪಿದ ಇಂಗ್ಲೆಂಡ್ ಅವರು ಬಿಟ್ಟುಹೋದ ಇಂಗ್ಲೆಂಡ್ ಆಗಿರಲಿಲ್ಲ. ಭಾರತದಿಂದ ಮರಳಿದ ಮೇಲೆ ಯಾವುದು ಹೆಚ್ಚು ಕಷ್ಟವೆನಿಸಿತು ಎಂದು ಕೇಳಿದವರಿಗೆಲ್ಲ, ಇಲ್ಲಿ ಭರವಸೆ ಮಾಯವಾಗಿರುವುದು ಎಂದು ಅವರು ಹೇಳುತ್ತಿದ್ದರು. ಮದರಾಸಿನ ಕಡುಬಡವರ ಕೇರಿಗಳಲ್ಲೂ ನಾಳೆ ಇಂದಿಗಿಂತ ಚೆನ್ನಾದೀತೆಂಬ ನಂಬಿಕೆಯನ್ನು ಅವರು ಕಂಡಿದ್ದರು. ಉಂಡು ಉಟ್ಟು ಸುಖವಾಗಿದ್ದ ತಮ್ಮ ನಾಡಿನಲ್ಲಿ ಅದೇ ಕಾಣೆಯಾಗಿತ್ತು. ಎಪ್ಪತ್ತರ ವಯಸ್ಸಿನಲ್ಲಿ ಬರ್ಮಿಂಗ್‌ಹ್ಯಾಮಿನ ವಿನ್ಸನ್ ಗ್ರೀನ್ ಎಂಬ ಬಡ ಬಡಾವಣೆಯಲ್ಲಿ, ಸೆರೆಮನೆಯ ಎದುರಿಗಿದ್ದ ಚಿಕ್ಕದೊಂದು ಸಭೆಯ ಹೊಣೆ ಹೊತ್ತರು. ಮನೆಮನೆಗೂ ಹೋದರು. ಸುವಾರ್ತೆಯ ಬಗ್ಗೆ ತಮ್ಮವರಲ್ಲಿದ್ದ ತಣ್ಣನೆಯ ತಾತ್ಸಾರ, ನೇರ ವಿರೋಧಕ್ಕಿಂತ ಭಾರವೆನಿಸಿತು. ಅದೇ ಬೀದಿಗಳಲ್ಲಿ ನೆಲೆಸಿದ್ದ ಸಿಖ್ಖರ, ಹಿಂದೂಗಳ ಮನೆಗಳು ಅವರನ್ನು ಬನ್ನಿ ಎಂದು ಒಳಗೆ ಕರೆದವು. ಹುಟ್ಟಿದ ನಾಡಿನ ಜನರ ಬಾಗಿಲಲ್ಲಿ ಸಿಗದ ಆದರ, ತಾವು ಬಿಟ್ಟುಬಂದ ನಾಡಿನ ಮಕ್ಕಳ ಬಾಗಿಲಲ್ಲಿ ಸಿಕ್ಕಿತು. ಇದನ್ನು ಓದಿದಾಗ ನನ್ನ ಕಣ್ಣು ಒದ್ದೆಯಾಗುತ್ತದೆ. ಕೊಟ್ಟವರು ಯಾರು, ಪಡೆದವರು ಯಾರು ಎಂಬ ಲೆಕ್ಕ ಅಲ್ಲಿ ಉಳಿಯುವುದಿಲ್ಲ.

ನ್ಯೂಬಿಗಿನ್ ಕೈಚೆಲ್ಲಿ ಕೂರಲಿಲ್ಲ. ಪರನಾಡಿಗೆ ಹೋದ ಸೇವಕ ಅಲ್ಲಿನ ಮಾತು, ನಡೆ, ನಂಬಿಕೆಗಳನ್ನು ತಾಳ್ಮೆಯಿಂದ ಅರಿಯುವಂತೆ, ಅವರು ತಮ್ಮದೇ ನಾಡನ್ನು ಅರಿಯಲು ಕುಳಿತರು. ಪಶ್ಚಿಮದ ಸಂಸ್ಕೃತಿಗೆ ಸುವಾರ್ತೆಯನ್ನು ಹೇಳುವುದು ಹೇಗೆ ಎಂದು ಅವರು ಬರೆದ ಮುಖ್ಯ ಪುಸ್ತಕಗಳೆಲ್ಲ ಈ ಮರಳುವಿಕೆಯ ನಂತರದವು. 1998ರಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸ ನಡೆಯಿತು. ಭಾರತದಲ್ಲಿ ಕಳೆದ ವರ್ಷಗಳಿಲ್ಲದಿದ್ದರೆ ಇಂಗ್ಲೆಂಡನ್ನು ಅವರು ಹಾಗೆ ನೋಡಲಾಗುತ್ತಿರಲಿಲ್ಲ.

ಇಂಥದೇ ಇನ್ನೊಂದು ಮರಳುವಿಕೆಯ ಫಲ ನಮ್ಮ ಕನ್ನಡಿಗರ ಕಪಾಟಿನಲ್ಲೇ ಇದೆ. ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದದ್ದು ಬೋಧಿಸಲು. ಇಲ್ಲಿ ಅವರು ಕಲಿಯಲು ಕುಳಿತರು. ಹಳಗನ್ನಡ ಕಾವ್ಯದಿಂದ ಹಳ್ಳಿಯ ಗಾದೆಯವರೆಗೆ ಎಲ್ಲವನ್ನೂ ಕೂಡಿಸಿದರು. ಜರ್ಮನಿಗೆ ಹೋದವರು ಆ ಕೆಲಸಕ್ಕಾಗಿಯೇ ಮತ್ತೆ ಬಂದರು. ಸುಮಾರು 70,000 ಪದಗಳ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದಾಗ ಅವರು ತಮ್ಮ ನಾಡಿಗೆ ಮರಳಿದ್ದರು. 1903ರಲ್ಲಿ ಟ್ಯೂಬಿಂಗೆನ್‌ನಲ್ಲಿ ಕಣ್ಣು ಮುಚ್ಚಿದರು. ಒಯ್ಯಲು ಬಂದವರಲ್ಲ, ಆದರೂ ಒಂದು ಇಡೀ ನುಡಿಯನ್ನು ಎದೆಯಲ್ಲಿ ಒಯ್ದರು. ಒಯ್ದಷ್ಟನ್ನೂ ಇಲ್ಲೇ ಬಿಟ್ಟುಹೋದರು.

ಎಲ್ಲರೂ ಹೀಗೆ ಫಲ ಹೊತ್ತು ಮರಳುವುದಿಲ್ಲ. ಪೌಲ, ಬಾರ್ನಬರ ಜೊತೆ ಹೊರಟಿದ್ದ ಯುವಕ ಮಾರ್ಕನೆಂಬ ಯೋಹಾನ ಪಂಫುಲ್ಯದ ಪೆರ್ಗೆಯಲ್ಲೇ ಅವರನ್ನು ಬಿಟ್ಟು ಯೆರೂಸಲೇಮಿಗೆ ಹಿಂದಿರುಗಿದ. ಕಾರಣವನ್ನು ಗ್ರಂಥ ಹೇಳುವುದಿಲ್ಲ. ಅವನ ದೆಸೆಯಿಂದ ಮುಂದೆ ಪೌಲನಿಗೂ ಬಾರ್ನಬನಿಗೂ ಮನಸ್ಸು ಮುರಿದು ದಾರಿ ಬೇರೆಯಾಯಿತು. ಆದರೆ ಬಾರ್ನಬ ಅವನ ಕೈ ಬಿಡಲಿಲ್ಲ; ಜೊತೆಗೆ ಕರೆದುಕೊಂಡು ಸೈಪ್ರಸ್ಸಿಗೆ ಹೋದ. ವರ್ಷಗಳ ನಂತರ, ಸೆರೆಯಲ್ಲಿದ್ದ ಪೌಲ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ಮಾರ್ಕನನ್ನು ಕರೆದುಕೊಂಡು ಬಾ ಎನ್ನುತ್ತಾನೆ, ಸೇವೆಗೆ ಅವನು ಬೇಕಾದವನೆನ್ನುತ್ತಾನೆ. ಕಲ್ಲೆಸೆದ ಊರಿನ ಹುಡುಗನಿಗೆ, ಅರ್ಧದಾರಿಯಿಂದ ಮರಳಿದ ಹುಡುಗನನ್ನು ಕರೆತರುವ ಕೆಲಸ! ಬರಿಗೈಯಲ್ಲಿ ಬಂದವರನ್ನೂ ಮನೆ ಕಾಪಾಡಿ ಮತ್ತೆ ಕಳುಹಿಸಬಲ್ಲದು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ನಮ್ಮ ಸಭೆಗಳಿಂದಲೂ ಜನ ಹೋಗುತ್ತಾರೆ, ಬರುತ್ತಾರೆ. ಬಂದವರನ್ನು ಭಾನುವಾರ ಮುಂದೆ ಕರೆದು ಸಾಕ್ಷಿ ಹೇಳಿ ಎನ್ನುತ್ತೇವೆ. ಎಷ್ಟು ದೇಶ, ಎಷ್ಟು ಕೂಟ, ಎಷ್ಟು ಜನ ಎಂದು ಕೇಳುತ್ತೇವೆ. ಸಂತೋಷದಿಂದಲೇ ಕೇಳುತ್ತೇವೆ. ಯೇಸು ಕಳುಹಿಸಿದ ಎಪ್ಪತ್ತು ಮಂದಿಯೂ ಸಂತೋಷದಿಂದಲೇ ಮರಳಿದ್ದರು. ದೆವ್ವಗಳೂ ನಮಗೆ ಅಧೀನವಾದವು ಎಂದು ಹೇಳಿಕೊಂಡಿದ್ದರು. ಅವನು ಅವರ ಸಂತೋಷವನ್ನು ಕಿತ್ತುಕೊಳ್ಳಲಿಲ್ಲ, ಅದರ ನೆಲೆಯನ್ನು ಬದಲಿಸಿದ. ನಿಮ್ಮ ಹೆಸರುಗಳು ಪರಲೋಕದಲ್ಲಿ ಬರೆದಿವೆಯೆಂದು ಸಂತೋಷಪಡಿರಿ ಎಂದ. ಮಾಡಿದ್ದರ ಲೆಕ್ಕದಿಂದ ಬಿಡುಗಡೆಯಾದವನಿಗಷ್ಟೇ ಕಂಡದ್ದನ್ನು ಬೆರಗಿನಿಂದ ಹೇಳಲು ಆಗುತ್ತದೆ.

ಹಾಗಾದರೆ ಮರಳಿದವರಿಗೆ ನಾವು ಬೇರೆ ಪ್ರಶ್ನೆಗಳನ್ನು ಕೇಳೋಣ. ಅಲ್ಲಿ ನಿಮಗಾಗಿ ಪ್ರಾರ್ಥಿಸಿದವರು ಯಾರು? ಯಾರ ಮನೆಯ ಊಟ ನಿಮ್ಮನ್ನು ಉಳಿಸಿತು? ನೀವು ಹೋಗುವ ಮೊದಲೇ ದೇವರು ಅಲ್ಲಿ ಏನು ಮಾಡುತ್ತಿದ್ದ? ಇಷ್ಟು ಕೇಳಿದ ಮೇಲೆ, ಕೇಳಲು ಹೆಚ್ಚು ಧೈರ್ಯ ಬೇಕಾದ ಮಾತೊಂದಿದೆ: ಅಲ್ಲಿ ಅದನ್ನು ಕಂಡು ಬಂದ ನಿಮ್ಮ ಕಣ್ಣಿಗೆ ತೋರುವಂತೆ, ಇಲ್ಲಿ ನಾವು ಯಾರಿಗೆ ಬಾಗಿಲು ಮುಚ್ಚಿಕೊಂಡಿದ್ದೇವೆ? ಉತ್ತರ ಕೇಳಿ ಯೆರೂಸಲೇಮಿನ ಹಿರಿಯರಂತೆ ನಾವೂ ಸ್ವಲ್ಪ ಹೊತ್ತು ಸುಮ್ಮನಾಗಬೇಕಾದೀತು. ಆಮೇಲೆ ನಮ್ಮ ರೂಢಿಗಳಲ್ಲಿ ಒಂದೆರಡನ್ನು ಬದಲಿಸಬೇಕಾದೀತು. ಅಷ್ಟಕ್ಕೆ ಸಿದ್ಧವಾದ ಸಭೆಗೆ, ಊರು ಬಿಟ್ಟು ಕದಲದ ಅಜ್ಜಿಯನ್ನೂ ಸೇರಿಸಿ, ಆ ಯಾತ್ರೆಯಲ್ಲಿ ಪಾಲಿದೆ.