ಗುಂಡು ಹೇಳುವ ಕಥೆ

ಪಿನ್‌ಬಾಲ್ ಯಂತ್ರದ ಒಳಗೆ ಇರುವುದು ಸ್ವಲ್ಪವೇ. ತುಸು ಇಳಿಜಾರಾದ ಒಂದು ಹಲಗೆ, ಸುಮಾರು 80 ಗ್ರಾಂ ತೂಗುವ ಉಕ್ಕಿನ ಗುಂಡು, ಅದು ಜಾರಿ ಕೆಳಗೆ ಬೀಳುವ ಮುಂಚೆ ಮತ್ತೆ ಮೇಲಕ್ಕೆ ಚಿಮ್ಮಿಸುವ ಫ್ಲಿಪ್ಪರುಗಳು. ಆಟವೆಲ್ಲ ಇಷ್ಟರಲ್ಲೇ ನಡೆಯಬೇಕು. ಹಾಗಾಗಿ ಹೊಸ ಯಂತ್ರ ಮಾಡಲು ಕೂತವರಿಗೆ ದೊಡ್ಡ ಪ್ರಶ್ನೆ ಒಂದೇ: ಈ ಸಲ ಯಾವ ಥೀಮ್?

ಥಟ್ಟನೆ ಹೊಳೆಯುವ ಉತ್ತರ, ಜನ ಈಗಾಗಲೇ ಮೆಚ್ಚಿರುವ ಸಿನಿಮಾ ಅಥವಾ ಸಂಗೀತ ತಂಡ. ಪರಿಚಿತ ಮುಖ ಕಂಡರೆ ದಾರಿಹೋಕನೂ ನಿಂತು ಒಂದು ನಾಣ್ಯ ಹಾಕುತ್ತಾನೆ. ಆದರೆ ಎರಡನೆಯ ನಾಣ್ಯವನ್ನು ಆ ಮುಖ ಹಾಕಿಸಲಾರದು. ಅದನ್ನು ಗುಂಡೇ ಸಂಪಾದಿಸಬೇಕು.

ಮೊದಲ ಬಾರಿಗೆ ಫ್ಲಿಪ್ಪರು ಬಂದದ್ದು 1947ರಲ್ಲಿ, ಶಿಕಾಗೋದ ಗಾಟ್ಲೀಬ್ ಕಂಪನಿಯ ‘ಹಂಪ್ಟಿ ಡಂಪ್ಟಿ’ ಯಂತ್ರದಲ್ಲಿ. ಶಿಶುಗೀತೆಯ ಹಂಪ್ಟಿ ಡಂಪ್ಟಿ ಗೋಡೆಯಿಂದ ಬಿದ್ದ ಮೇಲೆ ರಾಜನ ಸೈನ್ಯಕ್ಕೂ ಅವನನ್ನು ಸರಿಮಾಡಲಾಗಲಿಲ್ಲ. ಈ ಯಂತ್ರದಲ್ಲಾದರೋ ಬೀಳುವ ಗುಂಡನ್ನು ಮೇಲೆತ್ತಲು ಆರು ಫ್ಲಿಪ್ಪರುಗಳಿದ್ದವು. ಬೀಳುವುದೇ ಗುಂಡಿನ ಹಣೆಬರಹ, ಕಥೆಯೂ ಬೀಳುವವನದೇ.

1992ರಲ್ಲಿ ಪ್ಯಾಟ್ ಲಾಲರ್ ಅದೇ ಹೆಸರಿನ ಸಿನಿಮಾ ಆಧರಿಸಿ ವಿನ್ಯಾಸ ಮಾಡಿದ ‘ದಿ ಆಡಮ್ಸ್ ಫ್ಯಾಮಿಲಿ’ ಯಂತ್ರ 20,000ಕ್ಕೂ ಹೆಚ್ಚು ಮಾರಾಟವಾಯಿತು. ಸಿನಿಮಾದ ಹೆಸರು ನೆರವಾದದ್ದು ನಿಜ. ಆದರೆ ಸಿನಿಮಾದ ಕುಟುಂಬದಲ್ಲಿ ‘ಥಿಂಗ್’ ಎಂಬ ಒಂಟಿ ಕೈಯೊಂದಿದೆ, ಅದನ್ನು ಲಾಲರ್ ಆಟದೊಳಗೇ ತಂದು ಕೂರಿಸಿದರು. ಗುಂಡು ಪುಟ್ಟ ಪೆಟ್ಟಿಗೆಯೊಂದರ ಬಳಿ ಬಂದು ನಿಂತಾಗ ಮುಚ್ಚಳ ತೆರೆಯುತ್ತದೆ. ಕೈ ಮೇಲೆದ್ದು, ಅಯಸ್ಕಾಂತದಿಂದ ಗುಂಡನ್ನು ಹಿಡಿದುಕೊಂಡು ಪೆಟ್ಟಿಗೆಯೊಳಗೆ ಇಳಿದುಬಿಡುತ್ತದೆ. ಸಿನಿಮಾ ನೋಡದ ಮಗುವೂ ಅದಕ್ಕೆ ಬೆರಗಾಗುತ್ತದೆ.

1997ರಲ್ಲಿ ವಿಲಿಯಮ್ಸ್ ಕಂಪನಿ ತಂದ ‘ಮಿಡೀವಲ್ ಮ್ಯಾಡ್ನೆಸ್’ಗೆ ಯಾವ ಸಿನಿಮಾದ ಬೆಂಬಲವೂ ಇರಲಿಲ್ಲ. ಹಲಗೆಯ ಮೇಲ್ತುದಿಯಲ್ಲಿ ಒಂದು ಕೋಟೆ. ಗುಂಡು ಬಡಿದು ಬಡಿದು ಮುಂಬಾಗಿಲ ಸೇತುವೆ ಕೆಳಗಿಳಿಯಬೇಕು, ಬಾಗಿಲು ಒಡೆಯಬೇಕು, ಕೊನೆಗೆ ಬುರುಜುಗಳು ಅಲುಗಾಡಿ ಕುಸಿಯಬೇಕು. ಬಡಿಯುವ ಗುಂಡಿಗೆ ಬಡಿಸಿಕೊಳ್ಳುವ ಕೋಟೆಗಿಂತ ಒಳ್ಳೆಯ ಜೋಡಿ ಯಾವುದಿದೆ? ಮುಂದೆ ಬೇಡಿಕೆ ಎಷ್ಟು ಬೆಳೆಯಿತೆಂದರೆ, ವರ್ಷಗಳ ನಂತರ ಅದೇ ಯಂತ್ರವನ್ನು ಮತ್ತೆ ಹೊಸದಾಗಿ ತಯಾರಿಸಿದರು.

ಒಂದು ಥೀಮ್ ಮನಸೆಳೆಯಬೇಕಾದರೆ ಅದು ಆಟಗಾರನ ಕೈಗೂ ಕೆಲಸ ಕೊಡಬೇಕು. ನೋಡುವವನಿಗೆ ಚಿತ್ರ ಸಾಕು. ಆಡುವವನಿಗೆ ತಾನು ಹೊಡೆಯುವ ಪ್ರತಿ ಹೊಡೆತಕ್ಕೂ ಒಂದು ಅರ್ಥ ಬೇಕು.

ಬದುಕಿನಲ್ಲಿ ನಾವು ಆರಿಸಿಕೊಳ್ಳುವ ವಿಷಯಗಳಿಗೂ ಈ ಮಾತು ಸಲ್ಲುತ್ತದೆ. ಮಕ್ಕಳ ಓದು, ನಮ್ಮ ಉದ್ಯೋಗ, ಹೊಸದಾಗಿ ಶುರುಮಾಡುವ ಹವ್ಯಾಸ, ಯಾವುದಕ್ಕಾದರೂ ಮೊದಲು ಕಣ್ಣಿಗೆ ಬೀಳುವುದು ಅದರ ಹೆಸರು, ಅದಕ್ಕಿರುವ ಮರ್ಯಾದೆ. ಆದರೆ ಹೆಸರು ಬಾಗಿಲ ತನಕ ಮಾತ್ರ ಕರೆತರುತ್ತದೆ. ಒಳಗೆ ಹೋದ ಮೇಲೆ ದಿನವೂ ಎದುರಾಗುವುದು ಅಲ್ಲಿನ ಕೆಲಸ. ಆ ಕೆಲಸ ಹಿಡಿಸದಿದ್ದರೆ ಎಂಥ ಹೆಸರೂ ಬಹಳ ದಿನ ನಿಲ್ಲಿಸಿಕೊಳ್ಳಲಾರದು.

ಇಂದು ನೀವು ಏನನ್ನಾದರೂ ಹೊಸದಾಗಿ ಆರಿಸಿಕೊಳ್ಳುವುದಿದ್ದರೆ, ಜನ ಏನು ಮೆಚ್ಚುತ್ತಾರೆಂದು ಕೇಳುವ ಮುಂಚೆ ಇದನ್ನು ಕೇಳಿಕೊಳ್ಳಿ: ಇದರಲ್ಲಿ ನನ್ನ ಕೈ ದಿನವೂ ಏನು ಮಾಡುತ್ತಿರುತ್ತದೆ? ಅದು ನನಗೆ ಇಷ್ಟವೇ?